ಬೀದರ್‌ನಲ್ಲಿ ನೀರಿನ ಜಾಡು ಹಿಡಿದು ನಡೆಯುವುದು ಹೇಗೆ?

ಬೀದರ್‌ಗೆ ಬಂದವರು ಕೋಟೆ, ಮಹಮೂದ್ ಗವಾನ್ ಮದರಸಾ, ಚೌಬಾರಾ ಮುಗಿಸಿ ಬಸ್ ಹತ್ತುತ್ತಾರೆ. ಇನ್ನೂ ಸ್ವಲ್ಪ ಆಸಕ್ತಿ ಇದ್ದವರು ನೌಬಾದ್‌ನ ಸುರಂಗ ಬಾವಿ (ನೆಲದಡಿಯ ಸುರಂಗದಲ್ಲಿ ನೀರು ಹರಿಸುವ ಹಳೆಯ ಏರ್ಪಾಟು) ಹುಡುಕಿಕೊಂಡು ಹೋಗಿ, ಒಂದು ಗುಂಡಿ ಇಣುಕಿ ‘ಇಷ್ಟೇನಾ?’ ಎಂದು ಮರಳುವುದನ್ನು ಎಷ್ಟೋ ಸಲ ಕಂಡಿದ್ದೇನೆ. ನೋಡಬೇಕಾದ್ದು ಒಂದು ಗುಂಡಿಯನ್ನಲ್ಲ, ಗುಂಡಿಗಳ ಸಾಲನ್ನು.

ನವೆಂಬರ್‌ನಿಂದ ಫೆಬ್ರುವರಿಯೊಳಗೆ, ಬೆಳಗಿನ ಹೊತ್ತು ಹೊರಡಿ. ಒಬ್ಬರೇ ಹೋಗಬೇಡಿ.

ಜೊತೆಗೆ ನೀರು, ಟೋಪಿ, ಅಂಗೈ ಅಗಲದ ಕನ್ನಡಿ ಇರಲಿ. ಸವೆದ ಚಪ್ಪಲಿ ಜಂಬಿಟ್ಟಿಗೆಯ ಹರಳಿನ ಮೇಲೆ ಜಾರುತ್ತದೆ, ಬೂಟೇ ಬೇಕು. ಸಂತೆಯಲ್ಲಿ ಸಿಗುವ ಅಗ್ಗದ ಟಾರ್ಚ್‌ಗೆ ದುಡ್ಡು ಸುರಿಯಬೇಡಿ, ಹಗಲಿನಲ್ಲಿ ಅದರ ಬೆಳಕು ಬಾವಿಯ ತಳ ಮುಟ್ಟುವುದಿಲ್ಲ.

ಇನ್ನು ಎಲ್ಲರೂ ಎಡವುವ ಹಂತ. ಮೊದಲು ನೆಲವನ್ನು ಅರ್ಥ ಮಾಡಿಕೊಳ್ಳಿ. ಬೀದರ್ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ, ಅದರಡಿ ಕರಿಕಲ್ಲು. ಮಳೆನೀರು ಜಂಬಿಟ್ಟಿಗೆಯ ರಂಧ್ರಗಳಲ್ಲಿ ಇಳಿದು, ಕೆಳಗಿನ ಗಟ್ಟಿ ಪದರಕ್ಕೆ ತಡೆದು, ಪಕ್ಕಕ್ಕೆ ಜಿನುಗುತ್ತದೆ. ನರಸಿಂಹ ಝರಣಿ, ಗುರುನಾನಕ್ ಝೀರಾ ಎಂಬ ಬುಗ್ಗೆಗಳು ಹುಟ್ಟಿದ್ದು ಹೀಗೆಯೇ. ಬಹಮನಿಗಳ ಕಾಲದಲ್ಲಿ ಇರಾನ್‌ನ ವಿದ್ಯೆಯಿಂದ ಈ ಜಿನುಗನ್ನೇ ಸುರಂಗಕ್ಕೆ ತಿರುಗಿಸಿದರು. ಎತ್ತರದಲ್ಲಿ ತಾಯಿಬಾವಿ, ಅಲ್ಲಿಂದ ತುಸುವೇ ಇಳಿಜಾರಿನ ಸುರಂಗ, ಅದರ ನೆತ್ತಿಯ ಮೇಲೆ ಅಲ್ಲಲ್ಲಿ ಗಾಳಿಬಾವಿಗಳು. ಮಣ್ಣು ಮೇಲೆತ್ತಿದ್ದೂ ಅವುಗಳಲ್ಲೇ, ನೀರು ಸೇದಿದ್ದೂ ಅವುಗಳಲ್ಲೇ.

ಆದ್ದರಿಂದ ಮೊದಲ ಬಾವಿ ಸಿಕ್ಕ ಕೂಡಲೇ ಫೋಟೊ ತೆಗೆಯದೆ, ಸುತ್ತ ಕಣ್ಣಾಡಿಸಿ ಎರಡನೆಯದನ್ನು ಹುಡುಕಿ. ಎರಡು ಸಿಕ್ಕರೆ ದಿಕ್ಕು ಸಿಕ್ಕಿತು. ಆ ಗೆರೆಯಲ್ಲೇ ನಡೆಯಿರಿ. ನಡುವೆ ರಸ್ತೆಯೋ ಕಾಂಪೌಂಡೋ ಬಂದರೆ ಸಾಲು ಮುಗಿಯಿತೆಂದು ತಿಳಿಯಬೇಡಿ. ಬಳಸಿಕೊಂಡು ಹೋಗಿ ಅದೇ ಗೆರೆಗೆ ಮತ್ತೆ ಸೇರಿಕೊಳ್ಳಿ. ಮೊಬೈಲ್ ನಕ್ಷೆ ನಿಮ್ಮನ್ನು ಮುಖ್ಯರಸ್ತೆಗೇ ಎಳೆಯುತ್ತದೆ, ಅದನ್ನು ಜೇಬಿನಲ್ಲಿಟ್ಟು ಹಿರಿಯರನ್ನು ಕೇಳಿ.

ಅಂಚಿಗೆ ಹೋಗಿ ನಿಲ್ಲಬೇಡಿ, ಹುಲ್ಲಿನಡಿ ಕಲ್ಲು ಸಡಿಲವಾಗಿರುತ್ತದೆ. ಎರಡು ಹೆಜ್ಜೆ ಹಿಂದೆ ನಿಂತು ಕನ್ನಡಿಯಿಂದ ಬಿಸಿಲನ್ನು ಒಳಕ್ಕೆ ಹಾಯಿಸಿ. ಎದುರು ಗೋಡೆಯ ಕೆಂಪು ಕಲ್ಲಿನ ಮೇಲೆ ಬೆಳಕಿನ ಚೌಕ ನಿಧಾನವಾಗಿ ಇಳಿಯುತ್ತದೆ. ಉಳಿ ಹೊಡೆದ ಗುರುತುಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಆಳ ಅಳೆಯಲು ಕಲ್ಲು ಎಸೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕಲ್ಲು, ಕಸ, ಬಾಟಲಿ ಬಿದ್ದೇ ಇಂತಹ ಸುರಂಗ ಕಟ್ಟಿಕೊಳ್ಳುತ್ತದೆ. ಸುರಂಗದೊಳಗೆ ಮಾತ್ರ ಇಳಿಯಲೇಬೇಡಿ. ಹಾವು, ಕೆಟ್ಟ ಗಾಳಿ ಎರಡರ ಭಯವೂ ಉಂಟು.

ಬಹಮನಿ ಸುಲ್ತಾನರ ಸಮಾಧಿಗಳಿರುವ ಅಷ್ಟೂರು ಗ್ರಾಮವನ್ನು ಅದೇ ದಿನಕ್ಕೆ ತುರುಕಬೇಡಿ. ಇನ್ನೊಂದು ಬೆಳಿಗ್ಗೆ ಊರಿನ ಪೂರ್ವಕ್ಕೆ ಸುಮಾರು 3 ಕಿ.ಮೀ. ನಡೆಯಿರಿ. ದಾರಿಯಲ್ಲಿ ಚೌಖಂಡಿ ಎಂಬ ಎಂಟು ಮೂಲೆಯ ಸಮಾಧಿ ಕಟ್ಟಡ, ಮುಂದೆ ಸುಲ್ತಾನರ ಗುಂಬಜ್‌ಗಳು. ಸಿಡಿಲಿಗೆ ಅರ್ಧ ಕುಸಿದ, ಬಹಮನಿ ಸುಲ್ತಾನ ಹುಮಾಯೂನನ ಗುಂಬಜ್ ಬಳಿ ಹೆಚ್ಚು ಹೊತ್ತು ಕಳೆಯಿರಿ. ಗುಮ್ಮಟದ ಗೋಡೆ ಎಷ್ಟು ದಪ್ಪ ಎಂಬುದು ಅಲ್ಲಿ ಬಯಲಾಗಿ ಕಾಣುತ್ತದೆ. ಅಹ್ಮದ್ ಶಾ ವಲಿಯ ಸಮಾಧಿಯ ಒಳಗೆ ಬಣ್ಣದ ಚಿತ್ತಾರಗಳಿವೆ. ಹಿಂದೂಗಳೂ ಮುಸ್ಲಿಮರೂ ಕೂಡಿ ಉರುಸ್ ಮಾಡುವ ಜಾಗವಿದು, ಚಪ್ಪಲಿ ಹೊರಗೆ ಬಿಡಿ, ಫ್ಲ್ಯಾಷ್ ಹೊಡೆಯಬೇಡಿ. ವಾಪಸು ಆಟೊದಲ್ಲಿ ಬರುವುದಾದರೆ ಊರಿನಲ್ಲೇ ಮಾತಾಡಿ ಗೊತ್ತು ಮಾಡಿಕೊಂಡಿರಿ.