ಗುಡ್ಡಕ್ಕೆ ಸಸಿ ಒಯ್ಯಬೇಡಿ: ರಾಷ್ಟ್ರೀಯ ಉದ್ಯಾನದಲ್ಲಿ ಸ್ವಯಂಸೇವೆ ಹೇಗೆ?

ಮುಂಗಾರು ಹಿಡಿಯುವ ಹೊತ್ತಿಗೆ ಚಿಕ್ಕಮಗಳೂರು, ಹಾಸನದ ಕಾಲೇಜು ತಂಡಗಳು, ಯುವಕ ಸಂಘಗಳು ಜೀಪಿಗೆ ಸಸಿ ತುಂಬಿಕೊಂಡು ಗುಡ್ಡದ ಕಡೆ ಹೊರಡುತ್ತವೆ. ಮನಸ್ಸು ಒಳ್ಳೆಯದೇ. ಆದರೆ ಕುದುರೆಮುಖದ ಹುಲ್ಲುಗುಡ್ಡ ಬೋಳು ಬಿದ್ದ ಜಾಗವಲ್ಲ. ಕಣಿವೆಯ ಮಡಿಲಲ್ಲಿ ಕುಳ್ಳ ಮರಗಳ ದಟ್ಟ ಶೋಲಾ ಕಾಡು, ಏರಿನ ಮೇಲೆ ಹುಲ್ಲು, ಇದು ಆ ನೆಲ ತಾನೇ ಮಾಡಿಕೊಂಡ ಏರ್ಪಾಡು. ಜಡಿಮಳೆಯಲ್ಲಿ ಮಣ್ಣು ಜಾರದಂತೆ ಹಿಡಿದಿರುವುದು ಆ ಹುಲ್ಲಿನ ಬೇರು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ಇಂಥ ಗುಡ್ಡಗಳ ನಡುವೆಯೇ ಇದೆ. ಅಲ್ಲಿ ಅಕೇಶಿಯಾ ನೆಟ್ಟರೆ ನೆರಳು ಬಿದ್ದು ಹುಲ್ಲು ಸಾಯುತ್ತದೆ, ಕಾಟಿ ಕಡವೆಗಳಿಗೆ ಮೇವು ತಪ್ಪುತ್ತದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾದ, 2005ರ ಕೊನೆಗೆ ಗಣಿಗಾರಿಕೆ ನಿಂತ, 2012ರಲ್ಲಿ ಪಶ್ಚಿಮಘಟ್ಟದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಈ ನೆಲಕ್ಕೆ ಹೊಸ ಗಿಡ ಬೇಕಿಲ್ಲ. ಬೇಡದ್ದನ್ನು ಕೀಳುವ, ಕಸ ಹೆಕ್ಕುವ, ಕಾಲುದಾರಿ ಸರಿಪಡಿಸುವ, ಕಲ್ಲುಗಳನ್ನು ದಾಖಲಿಸುವ ಕೈಗಳು ಬೇಕು.

ಮೊದಲು ಕಾಗದ

ಉದ್ಯಾನದೊಳಗೆ ಹೋಗಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಅಲ್ಲಿ ಕಳೆ ಕೀಳುವುದಕ್ಕೂ ಅಷ್ಟೇ. ಅರಣ್ಯ ಇಲಾಖೆಯ ಕಾರ್ಯಕ್ರಮದ ಭಾಗವಾಗಿ, ಇಲಾಖೆ ಸಿಬ್ಬಂದಿ ಜೊತೆಗಿದ್ದರೆ ಮಾತ್ರ ಹಾರೆ ಎತ್ತಬಹುದು. ಕುದುರೆಮುಖಕ್ಕಾದರೆ ಕಾರ್ಕಳದಲ್ಲಿರುವ ವನ್ಯಜೀವಿ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ, ಭದ್ರಾ ಅಭಯಾರಣ್ಯದ ಮುತ್ತೋಡಿ ಕಡೆಗಾದರೆ ಚಿಕ್ಕಮಗಳೂರಿನ ಭದ್ರಾ ವಿಭಾಗಕ್ಕೆ ಅರ್ಜಿ ಬರೆದು, ಒಂದು ಪ್ರತಿಯನ್ನು ವಲಯ ಅರಣ್ಯಾಧಿಕಾರಿಗೆ ಕೊಡಿ. ತಿಂಗಳ ಮೊದಲೇ ಕೊಟ್ಟರೆ ಒಳ್ಳೆಯದು. ಎಲ್ಲರ ಹೆಸರು, ವಯಸ್ಸು, ಗುರುತಿನ ಚೀಟಿಯ ಪ್ರತಿ, ರಕ್ತದ ಗುಂಪು, ವಾಹನದ ನಂಬರು, ಒಯ್ಯುವ ಉಪಕರಣಗಳ ಪಟ್ಟಿ ಲಗತ್ತಿಸಿ. ‘ಪರಿಸರ ಸೇವೆ ಮಾಡಲು ಇಚ್ಛಿಸುತ್ತೇವೆ’ ಎಂದಷ್ಟೇ ಬರೆದ ಅರ್ಜಿಗಳು ಮೇಜಿನ ಮೇಲೇ ಉಳಿಯುತ್ತವೆ. ‘ನಿಮ್ಮ ವಲಯದಲ್ಲಿ ಈಗ ಯಾವ ಕೆಲಸಕ್ಕೆ ಜನ ಕಡಿಮೆ?’ ಎಂದು ಮೊದಲು ಕೇಳಿ, ಆ ಕೆಲಸವನ್ನೇ ಬರೆಯಿರಿ. ತಂಡ 12ರಿಂದ 15 ಜನ ಇದ್ದರೆ ಸಾಕು. ಜನ ಹೆಚ್ಚಾದರೆ ಜೊತೆಗೆ ಬರುವ ಒಬ್ಬ ಅರಣ್ಯ ವಾಚರ್‌ಗೆ ನಿಭಾಯಿಸುವುದು ಕಷ್ಟ, ಕಾಲ್ತುಳಿತವೂ ಹೆಚ್ಚು.

ಹಾಸನದಿಂದ ಬರುವವರು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ದಾರಿ ಹಿಡಿಯುತ್ತಾರೆ. ಹಿಂದಿನ ರಾತ್ರಿಯೇ ಕಳಸ ಸೇರಿಕೊಂಡರೆ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಕೆಲಸ ಹಿಡಿಯಬಹುದು.

ಉಣುಗು, ಇಂಬಳ

ಮಳೆಯಲ್ಲಿ ಇಂಬಳ, ಅಂದರೆ ಜಿಗಣೆ. ಬೇಸಿಗೆಯಲ್ಲಿ ಉಣುಗು, ಅಂದರೆ ಉಣ್ಣೆ. ಇಂಬಳಕ್ಕೆ ಹೆದರಬೇಕಿಲ್ಲ. ಕಾಲುಚೀಲದ ಮೇಲೆ ಹೊಗೆಸೊಪ್ಪಿನ ನೀರು ಸವರಿದರೆ ಹತ್ತುವುದು ಕಡಿಮೆ, ಹತ್ತಿದರೆ ಚೂರು ಉಪ್ಪು ಮುಟ್ಟಿಸಿದರೆ ಬಿಡುತ್ತದೆ. ಉಣುಗಿನ ವಿಷಯ ಹಾಗಲ್ಲ, ಅದು ಮಂಗನ ಕಾಯಿಲೆ ತರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಒಣ ತರಗೆಲೆಯಲ್ಲಿ ಕೂರಬೇಡಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲೇ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ. ಕಾಡಿನಿಂದ ಬಂದ ಒಂದೆರಡು ವಾರದೊಳಗೆ ಜ್ವರ ಬಂದರೆ ‘ಕಾಡಿಗೆ ಹೋಗಿದ್ದೆ’ ಎಂದು ಡಾಕ್ಟರಿಗೆ ಹೇಳಲೇಬೇಕು.

ಲಂಟಾನ ಕೀಳುವ ಬಗೆ

ಹೊಸಬರು ಮಾಡುವ ದೊಡ್ಡ ತಪ್ಪು, ಹೊರನಾಡಿನಿಂದ ಬಂದು ಕಾಡನ್ನು ಆವರಿಸುವ ಕಳೆ ಲಂಟಾನವನ್ನು ಕತ್ತಿ ಹಿಡಿದು ಮೊಣಕಾಲೆತ್ತರಕ್ಕೆ ಸವರುವುದು. ಸಂಜೆಗೆ ಜಾಗ ಚೊಕ್ಕಟವಾಗಿ ಕಾಣುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಒಂದು ಕಾಂಡವಿದ್ದಲ್ಲಿ ಮುಂದಿನ ಮಳೆಗೆ ಐದಾರು ಚಿಗುರು ಎದ್ದು, ಮೊದಲಿಗಿಂತ ದಟ್ಟ ಪೊದೆಯಾಗುತ್ತದೆ. ಚಿಗುರುವ ಕಣ್ಣುಗಳಿರುವುದು ಕಾಂಡ ಮತ್ತು ಬೇರು ಕೂಡುವ ಗಂಟಿನಲ್ಲಿ. ಆ ಗಂಟು ಮಣ್ಣಿನಿಂದ ಹೊರಗೆ ಬರಬೇಕು.

ಮೊದಲೆರಡು ಮಳೆ ಬಿದ್ದು ಮಣ್ಣು ಮೆತ್ತಗಾದಾಗ, ಕಾಯಿ ಕಪ್ಪಾಗಿ ಹಣ್ಣಾಗುವ ಮೊದಲು ಈ ಕೆಲಸ ಹಿಡಿಯಿರಿ. ಪೊದೆಗೆ ಕೈ ಹಾಕುವ ಮುನ್ನ ವಾಚರ್ ಸುತ್ತ ನೋಡಿ ಸದ್ದು ಮಾಡಲಿ, ಒಳಗೆ ಹಂದಿ ಮಲಗಿರಬಹುದು. ಹಕ್ಕಿಗೂಡು ಕಂಡರೆ ಆ ಪೊದೆಯನ್ನು ಹಾಗೇ ಬಿಡಿ. ಒಬ್ಬರು ಚರ್ಮದ ಕೈಗವಸು ಹಾಕಿಕೊಂಡು ಕೊಂಬೆಗಳನ್ನು ಒಂದು ಪಕ್ಕಕ್ಕೆ ಬಗ್ಗಿಸಿ ಹಿಡಿಯಲಿ. ಇನ್ನೊಬ್ಬರು ಉದ್ದ ಹಿಡಿಯ ಗುದ್ದಲಿಯಿಂದ ಬುಡದಲ್ಲಿ, ನೆಲಮಟ್ಟದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ, ತಾಯಿಬೇರಿಗೆ ಓರೆಯಾಗಿ ಎರಡು ಮೂರು ಏಟು ಹಾಕಲಿ. ಬೇರು ತುಂಡಾದದ್ದು ಕೈಗೇ ಗೊತ್ತಾಗುತ್ತದೆ, ಪೊದೆ ಸಡಿಲಾಗಿ ತೂಗುತ್ತದೆ. ಎತ್ತಿ ತಲೆಕೆಳಗು ಮಾಡಿ, ಬೇರು ಆಕಾಶ ನೋಡುವಂತೆ ಇನ್ನೊಂದು ಪೊದೆಯ ಮೇಲೇ ಒರಗಿಸಿ. ನೆಲಕ್ಕೆ ಅಡ್ಡ ಹಾಕಿದರೆ ಮಳೆಗೆ ಮತ್ತೆ ಬೇರೂರುತ್ತದೆ.

ಮಣ್ಣನ್ನು ಅಗತ್ಯಕ್ಕಿಂತ ಹೆಚ್ಚು ಕೆದಕಬೇಡಿ, ಕೆದಕಿದಷ್ಟೂ ಅಡಗಿದ್ದ ಬೀಜ ಮೇಲೆದ್ದು ಮೊಳೆಯುತ್ತದೆ. ಜೆಸಿಬಿ ಬಿಟ್ಟರೆ ಆಗುವುದೂ ಇದೇ. ಒಣಗಿದ್ದಕ್ಕೆ ಬೆಂಕಿ ಹಾಕುವ ಮಾತು ಎತ್ತಲೇಬೇಡಿ. ಅಕ್ಕಪಕ್ಕದ ಗೇಣುದ್ದದ ನೇರಳೆ, ಮತ್ತಿ ಸಸಿಗಳಿಗೆ ಮೊದಲೇ ಬಣ್ಣದ ದಾರ ಕಟ್ಟಿಡಿ. ಇಲ್ಲದಿದ್ದರೆ ಭರದಲ್ಲಿ ಅವೂ ಕಿತ್ತು ಹೋಗುತ್ತವೆ. ಕಾಡು ತನ್ನಷ್ಟಕ್ಕೆ ಬೆಳೆಸಿಕೊಂಡ ಆ ಒಂದು ಸಸಿ ನರ್ಸರಿಯಿಂದ ತಂದ ಹತ್ತಕ್ಕಿಂತ ಮೇಲು.

ದಾರಿ, ಕಸ

ಕಾಲುದಾರಿ ಕೊರೆದು ಹೋಗುವುದು ನಡೆಯುವವರಿಂದ ಶುರುವಾಗಿ ನೀರಿನಿಂದ ಮುಗಿಯುತ್ತದೆ. ತುಳಿದು ತಗ್ಗಾದ ದಾರಿಯಲ್ಲಿ ಮಳೆನೀರು ಹರಿದು ಕಾಲುವೆಯಾಗುತ್ತದೆ, ಜನ ಪಕ್ಕದ ಹುಲ್ಲಿನ ಮೇಲೆ ಇನ್ನೊಂದು ದಾರಿ ಮಾಡುತ್ತಾರೆ. ಕಾಫಿ ತೋಟದಲ್ಲಿ ಮಳೆನೀರು ಇಂಗಿಸಲು ತೊಟ್ಟಿಲುಗುಂಡಿ ತೆಗೆದ ಕೈಗೆ ಇದರ ಮದ್ದು ಸುಲಭ: ದಾರಿಗೆ ಅಡ್ಡಲಾಗಿ, ಇಳಿಜಾರಿನ ಕಡೆ ಓರೆಯಾಗಿ, ದಿಂಡುಗಲ್ಲುಗಳನ್ನು ಮೂರರಲ್ಲಿ ಎರಡು ಪಾಲು ಹೂತು ಸಾಲು ಕಟ್ಟಿ, ನೀರು ಪಕ್ಕದ ಹುಲ್ಲಿಗೆ ಹೋಗುವಂತೆ ಬಾಯಿ ಬಿಡಿ. ನೇರ ಅಡ್ಡ ಕಟ್ಟಿದರೆ ನೀರು ನಿಂತು ಕಲ್ಲನ್ನೇ ಕಿತ್ತುಕೊಂಡು ಹೋಗುತ್ತದೆ. ಹಳ್ಳದ ಕಲ್ಲು ಎಬ್ಬಿಸಬೇಡಿ, ಅದರಡಿ ಕಪ್ಪೆ ಏಡಿಗಳಿರುತ್ತವೆ.

ಕಸಕ್ಕೆ ಗೋಣಿಚೀಲವೇ ಒಳ್ಳೆಯದು. ಗಾಜಿನ ಚೂರಿಗೆ ಬೇರೆ ಡಬ್ಬಿ. ಎತ್ತುವ ಮುನ್ನ ಕೋಲಿನಿಂದ ಸರಿಸಿ ನೋಡಿ, ಅಡಿಯಲ್ಲಿ ಹಾವಿರಬಹುದು. ಹೆಕ್ಕಿದ ಕಸ ಎಲ್ಲಿಗೆ ಹೋಗಬೇಕೆಂದು ಪಂಚಾಯಿತಿಯ ಕಸ ವಿಲೇವಾರಿ ಘಟಕದವರೊಂದಿಗೆ ಮೊದಲೇ ಮಾತಾಡಿ. ಇಲ್ಲದಿದ್ದರೆ ಮೂಟೆಗಳು ಗೇಟಿನ ಬಳಿ ಉಳಿದು, ಮಂಗಗಳು ಹರಿದು, ಅದೇ ಕಸ ವಾಪಸ್ ಕಾಡಿಗೆ ಹೋಗುತ್ತದೆ.

ಕಲ್ಲು ಮುಟ್ಟುವ ಮುನ್ನ

ಕಾಡಂಚಿನಲ್ಲಿ, ಹಿಂದೆ ಊರಿದ್ದ ಜಾಗಗಳಲ್ಲಿ ಕಾಳಗದಲ್ಲಿ ಮಡಿದವರ ನೆನಪಿನ ವೀರಗಲ್ಲು, ಸತಿ ಹೋದವರ ನೆನಪಿನ ಮಾಸ್ತಿಕಲ್ಲು ಸಿಗುತ್ತವೆ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಬಳೆ ತೊಟ್ಟು ಮೇಲೆತ್ತಿದ ಒಂದು ಕೈ ಕಂಡರೆ ಮಾಸ್ತಿಕಲ್ಲು. ಬಳಪದ ಕಲ್ಲಾದರೆ ಉಗುರಿನಿಂದಲೂ ಗೀರು ಬೀಳಬಹುದು. ಆದ್ದರಿಂದ ತಂತಿ ಬ್ರಷ್, ಸೋಪು, ಆ್ಯಸಿಡ್ ಯಾವುದೂ ಬೇಡ. ಕಲ್ಲುಹೂವು ಅಂಟಿದ್ದರೆ ಕೆರೆಯಬೇಡಿ, ಅದರ ಜೊತೆ ಕಲ್ಲಿನ ಮೇಲ್ಪದರವೂ ಎದ್ದು ಅಕ್ಷರ ಹೋಗುತ್ತದೆ. ಒಣ ಧೂಳಿಗೆ ಎರಡಿಂಚಿನ ಮೆತ್ತನೆ ಪೇಂಟ್ ಬ್ರಷ್ ಸಾಕು.

ಅಕ್ಷರ ಓದಲು ಸೀಮೆಸುಣ್ಣ, ಹಿಟ್ಟು ಉಜ್ಜುವ ರೂಢಿ ಇದೆ, ಬಿಟ್ಟುಬಿಡಿ. ಬೆಳಗಿನ ಓರೆ ಬಿಸಿಲಿನಲ್ಲಿ, ಅಥವಾ ಪಕ್ಕದಿಂದ ಟಾರ್ಚ್ ಹಿಡಿದು ಫೋಟೊ ತೆಗೆಯಿರಿ, ಮಾಸಿದ ಗೆರೆಯೂ ಎದ್ದು ಕಾಣುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಎತ್ತರ, ಅಗಲ, ದಪ್ಪ, ಮುಖ ಯಾವ ದಿಕ್ಕಿಗೆ, ಎಷ್ಟು ಹೂತಿದೆ ಎಂದು ಬರೆಯಿರಿ. ಬಿದ್ದ ಕಲ್ಲನ್ನು ಎತ್ತಿ ನಿಲ್ಲಿಸಬೇಡಿ, ಬಿದ್ದ ಜಾಗವೂ ಚರಿತ್ರೆಯೇ. ಕೋಟೆಗೋಡೆಯ ಸಂದಿಯಲ್ಲಿ ಅರಳಿ, ಅತ್ತಿ ಬೇರೂರಿದ್ದರೆ ಎಳೆಯಬಾರದು, ಬೇರಿನ ಜೊತೆ ಕಲ್ಲೂ ಬರುತ್ತದೆ. ಪುರಾತತ್ವ ಇಲಾಖೆಗೆ ತಿಳಿಸಿ ಅವರಿಂದಲೇ ಮಾಡಿಸಬೇಕು. ನಿಧಿಗಳ್ಳರ ಕಾಟ ಇರುವುದರಿಂದ ಜಾಗದ ಗುರುತನ್ನು ಇಲಾಖೆಗೆ ಮಾತ್ರ ಕೊಡಿ, ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.

ಬೆಂಕಿ ಕಂಡರೆ

ಸ್ವಯಂಸೇವಕರು ಬೆಂಕಿ ಆರಿಸಲು ನುಗ್ಗಬಾರದು. ಒಣಹುಲ್ಲಿನ ಬೆಂಕಿ ಏರಿನ ಕಡೆ ಓಡುವ ವೇಗಕ್ಕೆ ಮನುಷ್ಯನ ಕಾಲು ಸಾಲದು. ಹೊಗೆ ಕಂಡ ದಿಕ್ಕು, ಹತ್ತಿರದ ಊರು, ಸಮಯ ಹೇಳಿ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ತಂಡವನ್ನು ಬೆಂಕಿ ಹಾದು ಸುಟ್ಟುಹೋದ ಅಥವಾ ಬೋಳು ಜಾಗಕ್ಕೆ ಸರಿಸಿ. ಬೆಂಕಿ ದಾಟದಂತೆ ಬೆಂಕಿರೇಖೆ ಮಾಡುವ ಕೆಲಸ ಬೇಸಿಗೆಗೆ ಮೊದಲೇ ಇರುತ್ತದೆ, ಹುಲ್ಲು ಸವರಲು, ತರಗು ಗುಡಿಸಲು ಆಗ ಜನ ಬೇಕಾಗುತ್ತಾರೆ.

ಮುಂದಿನ ಮಳೆಗೆ ಮತ್ತೆ

ಲಂಟಾನ ಕಿತ್ತ ಜಾಗದ ನಾಲ್ಕು ಮೂಲೆಯ ಮರಗಳನ್ನು ಗುರುತು ಮಾಡಿ, ಒಂದೇ ಕೋನದಿಂದ ಫೋಟೊ ತೆಗೆದಿಡಿ. ಮುಂದಿನ ಮಳೆಗಾಲದಲ್ಲಿ ಅದೇ ತಂಡ ಅಲ್ಲಿಗೇ ಬರಬೇಕು, ಅದರ ಮರುವರ್ಷವೂ. ಹೋದ ಕೂಡಲೇ ನೋಡಬೇಕಾದ್ದು ದೊಡ್ಡ ಮರಗಳ ಬುಡ. ಹಣ್ಣು ತಿಂದ ಪಿಕಳಾರ ಹಕ್ಕಿಗಳು ಕೊಂಬೆಯ ಮೇಲೆ ಕೂತು ಬೀಜ ಉದುರಿಸುವುದು ಅಲ್ಲೇ. ಬೆರಳುದ್ದದ ಲಂಟಾನ ಮೊಳಕೆಗಳು ಗುಂಪಾಗಿ ಎದ್ದಿರುತ್ತವೆ. ಆಗ ಹಾರೆ ಗುದ್ದಲಿ ಬೇಡ, ಎರಡು ಬೆರಳಲ್ಲಿ ಬುಡ ಹಿಡಿದೆಳೆದರೆ ಬೇರು ಸಮೇತ ಬರುತ್ತವೆ.