ಮೆಶ್ ಕೊಳ್ಳುವ ಮೊದಲು ಬಣ್ಣ ಯಾವುದು ನೋಡಿ

ಸ್ಕ್ರೀನ್ ಪ್ರಿಂಟಿಂಗ್ ಸಾಮಾನಿನ ಅಂಗಡಿಗೆ ಹೋಗಿ ‘ಒಂದು ಮೀಟರ್ ಮೆಶ್ ಕೊಡಿ’ ಎಂದರೆ ಸಾಲದು. ಮೆಶ್ ಎಂದರೆ ಫ್ರೇಮಿಗೆ ಬಿಗಿಯುವ ಬಲೆಯಂಥ ಬಟ್ಟೆ, ಬಣ್ಣ ಇಳಿಯುವುದು ಅದರ ಕಿಂಡಿಗಳಿಂದ. ಬಟ್ಟೆ ಮೇಲೆ ಪ್ರಿಂಟ್ ಮಾಡುತ್ತೀರೋ, ಲಗ್ನಪತ್ರಿಕೆ ಮೇಲೋ? ಮೊದಲು ಅದು ತೀರ್ಮಾನವಾಗಲಿ.

ಮೆಶ್ ನಂಬರ್ ಎಂದರೆ ಒಂದು ಸೆಂಟಿಮೀಟರ್‌ನಲ್ಲಿ ಎಷ್ಟು ಎಳೆಗಳಿವೆ ಎನ್ನುವ ಲೆಕ್ಕ. ನಂಬರ್ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಬಣ್ಣ ಜಾಸ್ತಿ ಇಳಿಯುತ್ತದೆ. ಟೀ ಶರ್ಟು, ಕೈಚೀಲಕ್ಕೆ 43ರಿಂದ 55 ಸಾಕು. ಕಪ್ಪು ಬಟ್ಟೆಗೆ ಬಿಳಿ ಬಣ್ಣ ಹೊಡೆಯುವುದಾದರೆ 43ನ್ನೇ ಹಿಡಿಯಿರಿ. ಬಟ್ಟೆ ಮೇಲೆಯೇ ಸಣ್ಣ ಗೆರೆಗಳ ಚಿತ್ರ ಬೇಕೆಂದರೆ 77 ಅಥವಾ 90. ಕಾರ್ಡಿನ ಮೇಲಿನ ಸಣ್ಣ ಅಕ್ಷರಕ್ಕೆ 120. ಗ್ಲಿಟರ್ ಕಥೆಯೇ ಬೇರೆ. ಅದರ ಚೂರುಗಳು ಕಿಂಡಿಯಲ್ಲೇ ಸಿಕ್ಕಿಕೊಳ್ಳುತ್ತವೆ, ಅದಕ್ಕೆ ಇನ್ನೂ ದೊಡ್ಡ ಕಿಂಡಿ ಬೇಕು.

ಇಲ್ಲೇ ನಾನು ಎಡವಿದ್ದು. ಅಮೆರಿಕದವರ ವಿಡಿಯೊ ನೋಡಿ ಟೀ ಶರ್ಟಿಗೆ 110 ತಂದೆ. ಅವರು ಎಣಿಸುವುದು ಇಂಚಿಗೆ! ಅವರ 110 ಎಂದರೆ ನಮ್ಮ 43. ನನ್ನ ಶರ್ಟಿನ ಮೇಲೆ ಬಣ್ಣ ಹತ್ತು ಸಲ ಒಗೆದಂತೆ ಮಂಕಾಗಿ ಕೂತಿತ್ತು. ಇಂಚಿನ ನಂಬರ್ ಕಂಡರೆ 2.54ರಿಂದ ಭಾಗಿಸಿಕೊಳ್ಳಿ.

ಪಾಲಿಯೆಸ್ಟರ್ ಮೆಶ್ಶನ್ನೇ ಕೇಳಿ. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ. ಎರಡು ಬಣ್ಣದ ಕೆಲಸದಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಸಣ್ಣ ಅಕ್ಷರದ ಕೆಲಸಕ್ಕೆ ಹಳದಿ ಮೆಶ್ ಒಳ್ಳೆಯದು. ಮೆಶ್ ಮೇಲೆ ಚಿತ್ರ ಮೂಡಿಸಲು ಬೆಳಕು ಬಿಡುವಾಗ, ಅಂದರೆ ಎಕ್ಸ್‌ಪೋಸ್ ಮಾಡುವಾಗ, ಬಿಳಿ ಎಳೆ ಬೆಳಕನ್ನು ಅಕ್ಕಪಕ್ಕ ಚೆದುರಿಸಿ ಅಕ್ಷರದ ಅಂಚು ಕೆಡಿಸುತ್ತದೆ. ಹಳದಿಗೆ ಎಕ್ಸ್‌ಪೋಸ್ ಸಮಯ ಮಾತ್ರ ಸ್ವಲ್ಪ ಜಾಸ್ತಿ ಕೊಡಬೇಕು.

ಈಗ ಫ್ರೇಮು. ಮರದ್ದು ಅಗ್ಗ, ಮೆಶ್ಶನ್ನು ಮನೆಯಲ್ಲೇ ಸ್ಟೇಪ್ಲರ್ ಪಿನ್ ಹೊಡೆದು ಬಿಗಿಯಬಹುದು. ಆದರೆ ಪ್ರತಿ ಸಲ ತೊಳೆದಾಗಲೂ ಮರ ನೀರು ಕುಡಿಯುತ್ತದೆ, ನಿಧಾನಕ್ಕೆ ಸೊಟ್ಟಗಾಗುತ್ತದೆ. ಕೊಳ್ಳುವಾಗ ಫ್ರೇಮನ್ನು ಗಾಜಿನ ಕೌಂಟರ್ ಮೇಲೆ ಮಲಗಿಸಿ ಒಂದೊಂದೇ ಮೂಲೆ ಒತ್ತಿ ನೋಡಿ. ‘ಟಕ್ ಟಕ್’ ಅಂದರೆ ವಾಪಸ್ ಕೊಟ್ಟುಬಿಡಿ. ಮರದ್ದೇ ಆದರೆ ಚೆನ್ನಾಗಿ ಒಣಗಿದ ಮರವಿರಲಿ, ಮೆಶ್ ಬಿಗಿಯುವ ಮೊದಲು ಎರಡು ಕೋಟ್ ವಾರ್ನಿಷ್ ಬಳಿಯಿರಿ. ವಾರವಾರವೂ ಕೆಲಸವಿದ್ದರೆ ಮಾತ್ರ ಸುಮ್ನೆ ಅಲ್ಯೂಮಿನಿಯಂ ತೊಗೊಳ್ಳಿ. ಅದಕ್ಕೆ ಮೆಶ್ಶನ್ನು ಯಂತ್ರದಲ್ಲಿ ಎಳೆದು ಅಂಟು ಹಾಕಿ ಕೂರಿಸುತ್ತಾರೆ, ಬಿಗಿ ಎಲ್ಲ ಕಡೆ ಒಂದೇ ಸಮ ಬರುತ್ತದೆ.

ಬಿಗಿ ನೋಡುವುದು ಸುಲಭ. ಬೆರಳಲ್ಲಿ ತಟ್ಟಿದರೆ ತಮಟೆಯಂತೆ ಸದ್ದು ಬರಬೇಕು. ಸಡಿಲವಿದ್ದರೆ ಸ್ಕ್ವೀಜಿ (ಬಣ್ಣ ಎಳೆಯುವ ರಬ್ಬರ್ ಪಟ್ಟಿ) ಎಳೆದ ಮೇಲೂ ಮೆಶ್ ಬಟ್ಟೆಗೆ ಅಂಟಿಕೊಂಡೇ ಇರುತ್ತದೆ, ಅಂಚು ಕಲೆಸಿಹೋಗುತ್ತದೆ.

ಅಳತೆಯಲ್ಲಿ ಜಿಪುಣತನ ಬೇಡ. ಡಿಸೈನಿನ ಎರಡು ಬದಿಗೆ 3 ಇಂಚು, ಸ್ಕ್ವೀಜಿ ಹೊರಡುವ ಮತ್ತು ನಿಲ್ಲುವ ಕಡೆ 4 ಇಂಚು ಖಾಲಿ ಬಿಡಿ. ಎ4 ಚಿತ್ರಕ್ಕೆ ಫ್ರೇಮಿನ ಒಳಅಳತೆ ಸುಮಾರು 15×20 ಇಂಚು ಬೇಕಾಗುತ್ತದೆ. ಜಾಸ್ತಿ ಆಯಿತು ಅನಿಸುತ್ತದೆ, ಅಲ್ವಾ? ಬಣ್ಣ ಸುರಿಯುವಾಗ ಆ ಜಾಗವೆಲ್ಲ ಕೆಲಸಕ್ಕೆ ಬರುತ್ತದೆ.