ಮಹಡಿ ಮನೆಗೆ ಇನ್ನೊಬ್ಬರು ಬರುವ ಮುಂಚೆ

ದಾವಣಗೆರೆ ವಿದ್ಯಾನಗರದಲ್ಲಿ ನನ್ನದು ಮಹಡಿ ಮೇಲಿನ ಸಿಂಗಲ್ ಬೆಡ್‌ರೂಮ್ ಮನೆ. ಬಾಡಿಗೆ 7,500, ಅಡ್ವಾನ್ಸ್ 50,000. ಕೆಳಗೆ ಓನರ್ ಅಜ್ಜ, ಅಜ್ಜಿ ಇಬ್ಬರೇ. ಮಗ ಬೆಂಗಳೂರಿನಲ್ಲಿ. ನಾನು ಲ್ಯಾಬ್ ಟೆಕ್ನಿಷಿಯನ್, ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಮೂರಕ್ಕೆ ವಾಪಸ್. 'ಒಬ್ಬಳೇ ಹೆಣ್ಣುಮಗಳು, ಗದ್ದಲ ಇರಂಗಿಲ್ಲ' ಅಂತಲೇ ಮನೆ ಕೊಟ್ಟಿದ್ದರು. ಎರಡೂವರೆ ವರ್ಷ ಆದ ಮೇಲೆ ಅದೇ 'ಒಬ್ಬಳೇ'ಯನ್ನು ಇಬ್ಬರು ಮಾಡಿ ಅಂತ ಕೇಳಬೇಕಾಗಿ ಬಂತು.

ಅವನು ಚಳ್ಳಕೆರೆ ಕಡೆಯವನು, ಇಲ್ಲೇ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ. ಜಾತಿ ಬೇರೆ ಬೇರೆ. ಅವನ ತಂಗಿಯ ಬಾಣಂತನ ಮುಗಿದ ಮೇಲೆ ನಮ್ಮಿಬ್ಬರ ರಿಜಿಸ್ಟರ್ ಮದುವೆ ಅಂತ ಮಾತಾಗಿತ್ತು. ಅಷ್ಟರಲ್ಲಿ ಅವನಿದ್ದ ಕಟ್ಟಡವನ್ನು ಕೆಡವುತ್ತೀವಿ, ರೂಮ್ ಖಾಲಿ ಮಾಡಿ ಅಂದರು. ನಾಲ್ಕೈದು ತಿಂಗಳಿಗೋಸ್ಕರ ಇನ್ನೊಂದು ಅಡ್ವಾನ್ಸ್ ಯಾಕೆ, ನನ್ನಲ್ಲೇ ಬಾ ಅಂದೆ. ಅಂದಿದ್ದು ಸುಲಭವಾಯ್ತು.

ನನ್ನ ಜೊತೆ ಕೆಲಸ ಮಾಡುವ ಒಬ್ಬಳು 'ಸುಮ್ನೆ ದೊಡ್ಡಮ್ಮನ ಮಗ ಅನ್ನು' ಅಂದಳು. ಅವಳು ಹಾಗೇ ಮಾಡಿದ್ದಳು, ಬೇರೆ ಬಡಾವಣೆಯಲ್ಲಿ. ಮೂರನೇ ತಿಂಗಳು ಓನರ್‌ಗೆ ಗೊತ್ತಾಗಿ, ಹದಿನೈದು ದಿನದಲ್ಲಿ ಮನೆ ಖಾಲಿ ಮಾಡಿಸಿ, ಪೇಂಟಿಂಗ್ ಖರ್ಚು ಅಂತ ಅಡ್ವಾನ್ಸಿನಲ್ಲೂ ಮುರಿದುಕೊಂಡರು. ಅಷ್ಟಾದರೂ ಆ ಸಲಹೆ ಕೊಡುತ್ತಾಳಲ್ಲ ಅಂತ ನಗು ಬಂತು.

ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಮದುವೆಯಾಗದ ಇಬ್ಬರು ವಯಸ್ಕರು ಒಟ್ಟಿಗೆ ಇರೋದು ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ನಟಿ ಖುಷ್ಬೂ ಕೇಸಿನಲ್ಲಿ ಹೇಳಿದೆಯಂತೆ. 'ಆದ್ರೆ ಅದು ಪೊಲೀಸ್ರ ಮುಂದೆ ನಡಿಯೋ ಮಾತಮ್ಮಾ, ಓನರ್ ಮುಂದೆ ಅಲ್ಲ' ಅಂದರು. ಒಂದು ವರ್ಷ ದಾಟಿದರೆ ಕರಾರನ್ನು ನೋಂದಣಿ ಮಾಡಿಸಬೇಕು, ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಸೋದು. ಅದು ಮುಗಿದು ಹೊಸದು ಮಾಡದೆ ಹಾಗೇ ಇದ್ದರೆ ತಿಂಗಳ ಲೆಕ್ಕದ ಬಾಡಿಗೆ. ಆಗ 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ 15 ದಿನದ ನೋಟಿಸ್ ಸಾಕು. ನನ್ನ ಮೂರನೇ ಕರಾರು ಮುಗಿಯೋಕೆ ಎರಡು ತಿಂಗಳಿತ್ತು. ಕೇಳೋದಾದರೆ ಈಗಲೇ ಕೇಳಬೇಕು, ಹೊಸ ಕರಾರಿಗೆ ಸಹಿ ಹಾಕೋ ದಿನ ಅಲ್ಲ.

ಅವರು ಹೇಳಿದ ಇನ್ನೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗಬೇಕಾದರೆ ಮೊದಲು ನೋಟಿಸ್ ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಅಂಟಿಸುತ್ತಾರೆ, ಆಕ್ಷೇಪಣೆಗೆ 30 ದಿನ. ಅದರಲ್ಲಿ ನಮ್ಮ ವಾಸದ ಜಾಗವೂ ಇರುತ್ತದೆ. ಅಂದರೆ ಇದೇ ಮನೆ ವಿಳಾಸ! ಬೀದಿಯವರ ಬಾಯಿಂದ ಗೊತ್ತಾಗೋದಕ್ಕಿಂತ ನನ್ನ ಬಾಯಿಂದ ಗೊತ್ತಾಗಲಿ ಅನ್ನಿಸಿತು.

ಏನಂತ ಹೇಳೋದು? ಇಲ್ಲೇ ನಾನು ಮೂರು ದಿನ ತಡವರಿಸಿದ್ದು. 'ಸಂಗಾತಿ' ಅಂದರೆ ಲಗ್ನಪತ್ರಿಕೆ ಓದಿದ ಹಾಗೆ ಕೇಳಿಸುತ್ತದೆ. 'ಫ್ರೆಂಡ್' ಅಂದರೆ ಅರ್ಧ ಸುಳ್ಳು. 'ಪಾರ್ಟ್ನರ್' ಅಂದರೆ ಅಜ್ಜ ಯಾವ ಬಿಸಿನೆಸ್ಸು ಅಂತ ಕೇಳ್ತಾರೆ. ಕೊನೆಗೆ 'ನಾನು ಮದುವೆ ಆಗೋ ಹುಡುಗ' ಅಂತಲೇ ಅಂದೆ.

ಮೊದಲು ಹೋಗಿದ್ದು ಅಜ್ಜನ ಹತ್ತಿರ. ಬಾಡಿಗೆ ಎಣಿಸಿಕೊಳ್ಳೋರು ಅವರೇ ಅಲ್ವಾ. ಪೇಪರ್ ಮಡಚಿಟ್ಟು 'ನೋಡಾಣ' ಅಂದರು. ಒಂದು ವಾರ ನೋಡಾಣ, ಎರಡನೇ ವಾರವೂ ನೋಡಾಣ. ಮೂರನೇ ವಾರ ನಾನು ಮೆಟ್ಟಿಲು ಇಳಿಯೋದು ಕಂಡರೆ ಒಳಗೆ ಹೋಗೋಕೆ ಶುರು ಮಾಡಿದರು.

ಆ ರಾತ್ರಿ ಕರಾರು ಪತ್ರ ತೆಗೆದು ಮೊದಲ ಸಲ ಪೂರ್ತಿ ಓದಿದೆ. 'ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಒಳಬಾಡಿಗೆಗೆ ಕೊಡತಕ್ಕದ್ದಲ್ಲ, ಬೇರೆಯವರನ್ನು ಇರಿಸಿಕೊಳ್ಳತಕ್ಕದ್ದಲ್ಲ.' ಸರಿ, ಮಾಲೀಕರು ಯಾರು? ಮೊದಲ ಪುಟದಲ್ಲಿ ಇದ್ದದ್ದು ಅಜ್ಜಿ ಹೆಸರು. ಮನೆ ಅಜ್ಜಿಯದು! ಮೂರು ಕರಾರಿಗೆ ಸಹಿ ಹಾಕಿದ್ದೀನಿ, ಒಮ್ಮೆಯೂ ಗಮನಿಸಿಲ್ಲ. ಅಜ್ಜನಿಗೆ ಇಲ್ಲ ಅನ್ನೋಕೆ ಮುಜುಗರ, ಹೂಂ ಅನ್ನೋಕೆ ಅಧಿಕಾರ ಇಲ್ಲ.

ಮಾರನೇ ದಿನ ಮಧ್ಯಾಹ್ನ ಅಜ್ಜ ಮಲಗಿದ್ದ ಹೊತ್ತಲ್ಲಿ ಅಜ್ಜಿ ಹತ್ತಿರ ಹೋದೆ. ಹಿತ್ತಲಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆ ಹಸನು ಮಾಡ್ತಿದ್ದರು. 'ಕುಂದ್ರು ಬಾ ಯವ್ವಾ' ಅಂದರು. ನೇರ ಹೇಳಿದೆ. ಬೇಳೆ ಮೇಲಿನ ಬೆರಳು ನಿಲ್ಲಲಿಲ್ಲ.

'ಯಾವ ಮಂದಿ ಅವ್ರು?'

ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು. ಹೇಳಿದೆ. ಬೆರಳು ನಿಂತಿತು. ಆಮೇಲೆ 'ತಿಂತಾನೇನು?' ಅಂದರು. ತಿಂತಾನೆ ಅಜ್ಜಿ, ಆದರೆ ಮನೆಯಲ್ಲಿ ಮಾಡಲ್ಲ, ಹೊರಗೆ ಅಂದೆ. ಇದು ಅವನ ಜೊತೆ ಮೊದಲೇ ಜಗಳ ಆಡಿ ತೀರ್ಮಾನ ಮಾಡಿದ್ದ ವಿಷಯ. ಜಾತಿ ಕೇಳಿದ್ದು ನನಗೆ ಹಿಡಿಸಲಿಲ್ಲ, ಇವತ್ತಿಗೂ ಹಿಡಿಸಿಲ್ಲ. ಆದರೆ ಅವತ್ತು ನಾನು ಹೋಗಿದ್ದು ಮನೆ ಕೇಳೋಕೆ.

ಆಮೇಲೆ ಬಂದ ಪ್ರಶ್ನೆಗಳು ಸಲೀಸು. ನೀರು ಎಷ್ಟು ಬೇಕು? ನಲ್ಲಿ ನೀರು ದಿನಾ ಬರೋದಿಲ್ಲ, ಸಂಪಿನದ್ದನ್ನೇ ಎರಡು ಮನೆ ಹಂಚಿಕೊಳ್ಳಬೇಕು. ತಿಂಗಳಿಗೆ 300 ಜಾಸ್ತಿ ಕೊಡ್ತೀನಿ ಅಂದೆ. ಕರೆಂಟು? ಮೇಲಿನ ಮೀಟರ್ ಬೇರೆ, ಗೃಹಜ್ಯೋತಿ ನನ್ನ ಆಧಾರಿಗೇ ಲಿಂಕ್ ಆಗಿದೆ. ಸರಾಸರಿ 60 ಯೂನಿಟ್, ಅದರ ಮೇಲೆ ಹತ್ತು ಪರ್ಸೆಂಟ್ ಸೇರಿಸಿ 66ರವರೆಗೆ ಸೊನ್ನೆ ಬಿಲ್ಲು. ಇಬ್ಬರಾದರೆ ದಾಟೋದು ಖಂಡಿತ, ದಾಟಿದ್ದನ್ನು ನಾವೇ ಕಟ್ಟುತ್ತೀವಿ ಅಂದೆ. (ದಾಟಿತು. ಮೊದಲ ತಿಂಗಳೇ 81. ಗೀಸರ್ ಅವನದ್ದು.)

'ಹಿರೇರು ಒಬ್ರು ಬಂದು ಮಾತಾಡ್ಲಿ' ಅಂತ ಅಜ್ಜಿ ಷರತ್ತು ಹಾಕಿದರು. ನಮ್ಮಪ್ಪ ಬರೋ ಮಾತೇ ಇರಲಿಲ್ಲ. ಅಣ್ಣ ಬಂದ. ಹುಡುಗನ ಅಮ್ಮ ಚಳ್ಳಕೆರೆಯಿಂದ ಬಸ್ಸಲ್ಲಿ ಒಂದು ಚೀಲ ಶೇಂಗಾ ಹೊತ್ತುಕೊಂಡು ಬಂದರು. ಇಬ್ಬರು ಹೆಂಗಸರೂ ಒಂದು ಗಂಟೆ ಮಾತಾಡಿದ್ದು ಮಂಡಿನೋವಿನ ಬಗ್ಗೆ. ನಮ್ಮ ವಿಷಯ ಬಂದಿದ್ದು ಚಹಾ ಆದ ಮೇಲೆ ಐದು ನಿಮಿಷ.

ಅಣ್ಣ ಇರುವಾಗಲೇ ಕಾಗದ ತೆಗೆದೆ. ನಾಲ್ಕೇ ಸಾಲು: ಮುಂದಿನ ತಿಂಗಳ 1ನೇ ತಾರೀಖಿನಿಂದ ಇವರು ನನ್ನ ಬಾಡಿಗೆದಾರರ ಜೊತೆ ವಾಸ ಮಾಡಲು ನನ್ನ ಒಪ್ಪಿಗೆ ಇದೆ. ಇದು ಒಳಬಾಡಿಗೆ ಅಲ್ಲ. ನೀರಿಗೆ 300 ರೂಪಾಯಿ ಜಾಸ್ತಿ. ಹೊಸ ಕರಾರಿನಲ್ಲಿ ಇಬ್ಬರ ಹೆಸರೂ ಸೇರಿಸುವುದು. ಜೊತೆಗೆ ಅವನ ಆಧಾರ್ ಜೆರಾಕ್ಸ್.

ಅಜ್ಜ ಅಷ್ಟೊತ್ತಿಗೆ ಎದ್ದು ಬಂದಿದ್ದರು. 'ಮಾತು ಸಾಲದೇನು, ಬರವಣಿಗೆ ಯಾಕ?' ಅಂದರು, ಸ್ವಲ್ಪ ಬೇಜಾರಲ್ಲೇ. ನಿಮ್ಮ ಮಗ ಬೆಂಗಳೂರಿಂದ ಬಂದು ಕೇಳಿದರೆ ತೋರಿಸೋಕೆ ಅಂದೆ. ಅದು ನಿಜವೂ ಹೌದು, ಅವರಿಬ್ಬರೂ ಹೆದರೋದು ಮಗನಿಗೇ. ಅಜ್ಜಿ ಕನ್ನಡಕ ಹಾಕಿಕೊಂಡು ನಾಲ್ಕೂ ಸಾಲನ್ನು ತುಟಿ ಅಲ್ಲಾಡಿಸುತ್ತಾ ಓದಿದರು. '300' ಇದ್ದ ಜಾಗದಲ್ಲಿ ಬೆರಳಿಟ್ಟು 'ಇದು ಬ್ಯಾಸಗ್ಯಾಗ 500' ಅಂದರು. ತಿದ್ದಿದೆ. ಒಂದೊಂದೇ ಅಕ್ಷರ ಜೋಡಿಸಿ ಸಹಿ ಹಾಕಿದರು.

ಎರಡು ಪ್ರತಿ ಮಾಡಿಸಿ ಒಂದನ್ನು ಅವರಿಗೆ ಕೊಟ್ಟೆ. ಅವರದ್ದು ಈಗಲೂ ದೇವರ ಮನೆಯ ಕ್ಯಾಲೆಂಡರ್ ಹಿಂದೆ ಇದೆ. ಅವನು ಬಂದ ದಿನ ಅಜ್ಜಿ ಮೇಲೆ ಬರಲಿಲ್ಲ. ಕೆಳಗಿಂದಲೇ ಕೂಗಿದರು: 'ಏ ತಮ್ಮಾ, ಮೋಟರ್ ಸ್ವಿಚ್ ಎಲ್ಲೈತಿ ತೋರಿಸ್ತೀನಿ ಬಾ, ಟ್ಯಾಂಕ್ ತುಂಬಿ ಹರಿದ್ರ ನಿನ್ನನ್ನೇ ಕೇಳ್ತೀನಿ.'